ಶ್ವೇತಭವನ ಗೊತ್ತು, ವಾರ್ಡ್ ಕಚೇರಿ ಗೊತ್ತಿಲ್ಲ

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ನಡೆದಾಗಲೆಲ್ಲ ಬೆಂಗಳೂರಿನ ತಿಲಕನಗರ, ಗುರಪ್ಪನಪಾಳ್ಯ, ಇಲ್ಯಾಸ್ ನಗರ, ಯಾರಬ್ ನಗರಗಳ ಚಹಾದಂಗಡಿಗಳಲ್ಲಿ ಬಿಸಿಬಿಸಿ ಚರ್ಚೆ ನಡೆಯುತ್ತದೆ. 2000ದಲ್ಲಿ ಬುಶ್ ಮತ್ತು ಅಲ್ ಗೋರ್, 2008ರಲ್ಲಿ ಒಬಾಮ, 2016ರಲ್ಲಿ ಮತ್ತು 2024ರಲ್ಲಿ ಟ್ರಂಪ್. ಯಾರು ಗೆದ್ದರೆ ಫೆಲೆಸ್ತೀನಿಗೆ ಒಳಿತು, ಯಾರು ಬಂದರೆ ನಮ್ಮ ಹುಡುಗರಿಗೆ ವೀಸಾ ಸಿಗುತ್ತದೆ ಎಂಬ ಬಗ್ಗೆ ಪ್ರತಿಯೊಬ್ಬರಿಗೂ ಒಂದು ಅಭಿಪ್ರಾಯವಿದೆ. ಅದೇ ಅಂಗಡಿಯಲ್ಲಿ ಕುಳಿತವರನ್ನು, 'ನಿಮ್ಮ ಮನೆ ಯಾವ ವಾರ್ಡಿಗೆ ಸೇರಿದೆ? ನಿಮ್ಮ ಬೀದಿಯ ಚರಂಡಿಗೆ ಹಣ ಮಂಜೂರು ಮಾಡುವವರು ಯಾರು?' ಎಂದು ಕೇಳಿ ನೋಡಿ. ಉತ್ತರ ಬರುವುದು ಅಪರೂಪ. ಏಳು ಸಮುದ್ರಗಳ ಆಚೆಗಿನ ಶ್ವೇತಭವನದ ಬಗ್ಗೆ ಗೊತ್ತಿರುವಷ್ಟು ನಮಗೆ ನಮ್ಮ ಮನೆಬಾಗಿಲಿನ ಸರಕಾರದ ಬಗ್ಗೆ ಗೊತ್ತಿಲ್ಲ.

ಅಮೆರಿಕದ ಬಗ್ಗೆ ತಿಳಿಯುವುದು ತಪ್ಪು ಎಂದು ಇದರ ಅರ್ಥವಲ್ಲ. ತಿಳಿಯಲೇಬೇಕು. ಆದರೆ ನಾವು ತಿಳಿದಿರುವುದು ಅಮೆರಿಕದ ಸರಕಾರವನ್ನಲ್ಲ, ಅದರ ಒಬ್ಬ ವ್ಯಕ್ತಿಯನ್ನು. ಅಧ್ಯಕ್ಷನೆಂದರೆ ಸುಲ್ತಾನ, ಅವನು ಹೇಳಿದ್ದೇ ಕಾನೂನು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ವಾಸ್ತವ ಹಾಗಿಲ್ಲ.

ಇರಾಕ್ ಯುದ್ಧವನ್ನೇ ತೆಗೆದುಕೊಳ್ಳಿ. 2003ರ ಮಾರ್ಚ್‌ನಲ್ಲಿ ಬಾಂಬುಗಳು ಬಿದ್ದಾಗ ನಾವೆಲ್ಲ ಬುಶ್‌ರನ್ನು ಶಪಿಸಿದೆವು. ಆದರೆ ಅದಕ್ಕೂ ಐದು ತಿಂಗಳು ಮುಂಚೆ, 2002ರ ಅಕ್ಟೋಬರ್‌ನಲ್ಲಿ, ಅಮೆರಿಕದ ಸಂಸತ್ತು ಬಲಪ್ರಯೋಗಕ್ಕೆ ಅಧಿಕಾರ ನೀಡಿತ್ತು. ಪ್ರತಿನಿಧಿ ಸಭೆಯಲ್ಲಿ 296 ಮಂದಿ ಪರವಾಗಿ, 133 ಮಂದಿ ವಿರುದ್ಧವಾಗಿ ಮತ ಹಾಕಿದ್ದರು. ಸೆನೆಟ್‌ನಲ್ಲಿ 77 ಪರ, 23 ವಿರುದ್ಧ. ಎರಡೂ ಪಕ್ಷಗಳ ಸದಸ್ಯರು ಅದರಲ್ಲಿದ್ದರು. ಆ 373 ಮಂದಿಯನ್ನೂ ಯಾವುದೋ ಒಂದು ಕ್ಷೇತ್ರದ ಜನರು ಆರಿಸಿ ಕಳುಹಿಸಿದ್ದರು ಎಂಬುದನ್ನು ನಾವು ಮರೆಯುತ್ತೇವೆ.

ಇನ್ನೊಂದು ಉದಾಹರಣೆ, 2017ರ ಜನವರಿ 27ರಂದು ಟ್ರಂಪ್ ಹೊರಡಿಸಿದ ಪ್ರವೇಶ ನಿಷೇಧದ ಆದೇಶ. ಏಳು ಮುಸ್ಲಿಮ್ ಬಹುಸಂಖ್ಯಾತ ದೇಶಗಳ ಪ್ರಜೆಗಳಿಗೆ ಬಾಗಿಲು ಮುಚ್ಚಿತು. ಒಂದೆರಡು ದಿನಗಳಲ್ಲೇ ವಕೀಲರು ವಿಮಾನ ನಿಲ್ದಾಣಗಳಿಗೆ ಧಾವಿಸಿದರು. ಕೆಳಗಿನ ನ್ಯಾಯಾಲಯಗಳು ಆದೇಶವನ್ನು ತಡೆದವು. ಸರಕಾರ ಅದನ್ನು ತಿದ್ದಿ ತಿದ್ದಿ ಮೂರನೆಯ ರೂಪ ಕೊಟ್ಟ ನಂತರ, 2018ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. 2021ರ ಜನವರಿ 20ರಂದು, ಅಧಿಕಾರ ವಹಿಸಿದ ದಿನವೇ, ಬೈಡನ್ ಅದನ್ನು ರದ್ದುಪಡಿಸಿದರು. ಅಲ್ಲಿಗೆ ಕಥೆ ಮುಗಿಯಲಿಲ್ಲ; 2025ರ ಜೂನ್‌ನಲ್ಲಿ ಹನ್ನೆರಡು ದೇಶಗಳ ವಿರುದ್ಧ ಹೊಸ ನಿಷೇಧ ಬಂತು. ಆದೇಶ, ನ್ಯಾಯಾಲಯ, ಚುನಾವಣೆ, ಮತ್ತೆ ಆದೇಶ. ಇದರಲ್ಲಿ ಪ್ರತಿಯೊಂದು ಹಂತದಲ್ಲೂ ನಾಗರಿಕರು ಏನೋ ಒಂದನ್ನು ಮಾಡಿದರು ಅಥವಾ ಮಾಡದೇ ಉಳಿದರು. ಫಲಿತಾಂಶ ಅದರಂತೆ ಬದಲಾಯಿತು.

ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಮಗನೋ ಅಳಿಯನೋ ಅಮೆರಿಕದಲ್ಲಿರುವ ಕುಟುಂಬಗಳು ಬಹಳಷ್ಟಿವೆ. 2025ರ ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಹೊರಬಿದ್ದಾಗ ಆ ಮನೆಗಳಲ್ಲಿ ಆತಂಕ ಆವರಿಸಿತು. ವಾರ್ಷಿಕ 65,000 ಮತ್ತು ಉನ್ನತ ಪದವೀಧರರಿಗೆ ಹೆಚ್ಚುವರಿ 20,000 ಎಂಬ ವೀಸಾ ಮಿತಿಯನ್ನು ಗೊತ್ತುಪಡಿಸಿದ್ದು ಸಂಸತ್ತು. ಶುಲ್ಕದ ಘೋಷಣೆ ಅಧ್ಯಕ್ಷರದ್ದು. ಅದರ ಸಿಂಧುತ್ವವನ್ನು ಪರಿಶೀಲಿಸಬೇಕಾದುದು ನ್ಯಾಯಾಲಯ. ಈ ಮೂರರ ವ್ಯತ್ಯಾಸ ತಿಳಿದವನು ವದಂತಿಗೆ ಹೆದರುವುದಿಲ್ಲ, ದಲ್ಲಾಳಿಗೆ ಹಣ ಕೊಟ್ಟು ಮೋಸ ಹೋಗುವುದಿಲ್ಲ. ಅಧಿಕಾರ ಎಲ್ಲಿದೆ ಎಂದು ತಿಳಿಯುವುದೇ ಯಾರನ್ನು ಪ್ರಶ್ನಿಸಬೇಕು ಎಂದು ತಿಳಿಯುವ ಮೊದಲ ಮೆಟ್ಟಿಲು.

ಅಮೆರಿಕದ ಮುಸ್ಲಿಮರು ಈ ಮೆಟ್ಟಿಲನ್ನು ಕೆಳಗಿನಿಂದ ಹತ್ತಿದರು ಎಂಬುದು ಗಮನಾರ್ಹ. 2006ರಲ್ಲಿ ಮಿನೆಸೋಟದಿಂದ ಕೀತ್ ಎಲಿಸನ್ ಅಲ್ಲಿನ ಸಂಸತ್ತಿಗೆ ಚುನಾಯಿತರಾದ ಮೊದಲ ಮುಸ್ಲಿಮರಾದಾಗ ಅದು ದೊಡ್ಡ ಸುದ್ದಿಯಾಯಿತು. ಥಾಮಸ್ ಜೆಫರ್ಸನ್‌ರ ಗ್ರಂಥಾಲಯದಲ್ಲಿದ್ದ ಕುರ್‌ಆನ್ ಪ್ರತಿಯ ಮೇಲೆ ಕೈಯಿಟ್ಟು ಅವರು ಸಾಂಕೇತಿಕ ಪ್ರಮಾಣ ಸ್ವೀಕರಿಸಿದ ಚಿತ್ರವನ್ನು ನಮ್ಮ ಪತ್ರಿಕೆಗಳೂ ಪ್ರಕಟಿಸಿದವು. ಆದರೆ ಅದಕ್ಕೂ ಮುಂಚೆ ಅವರು ತಮ್ಮ ರಾಜ್ಯದ ವಿಧಾನಸಭೆಯಲ್ಲಿ ನಾಲ್ಕು ವರ್ಷ ದುಡಿದಿದ್ದರು ಎಂಬುದನ್ನು ಎಷ್ಟು ಮಂದಿ ಬಲ್ಲರು? ಮಿಶಿಗನ್ ರಾಜ್ಯದ ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ನಗರದಲ್ಲಿ ಧ್ವನಿವರ್ಧಕದ ಆಝಾನ್ ವಿವಾದವಾದಾಗ, 2004ರಲ್ಲಿ ನಗರಸಭೆ ಅದಕ್ಕೆ ನಿಯಮ ರೂಪಿಸಿತು, ಊರವರ ಮುಂದೆ ಮತಕ್ಕಿಟ್ಟಾಗ ಆ ನಿಯಮ ಉಳಿಯಿತು. ನ್ಯೂಯಾರ್ಕ್ ನಗರದ ಮೇಯರ್ ಆಗಿ 2025ರ ನವೆಂಬರ್ 4ರಂದು ಚುನಾಯಿತರಾದ ಝೊಹ್ರಾನ್ ಮಮ್ದಾನಿ ಕೂಡಾ ರಾಜ್ಯ ವಿಧಾನಸಭೆಯಿಂದ ಬಂದವರು. ಅವರ ಪ್ರಚಾರದ ಮುಖ್ಯ ವಿಷಯ ಮನೆಬಾಡಿಗೆ, ಬಸ್ಸು, ಮಕ್ಕಳ ಪಾಲನೆಯ ಖರ್ಚು. ಅವರ ಗೆಲುವಿಗೆ ನಾವು ಇಲ್ಲಿ ಸಿಹಿ ಹಂಚಿದೆವು. ಅವರು ಗೆದ್ದ ದಾರಿಯನ್ನು ನೋಡಲಿಲ್ಲ. ಮನೆಬಾಗಿಲುಗಳನ್ನು ತಟ್ಟಿದ ಸ್ವಯಂಸೇವಕರು, ಅದುವರೆಗೆ ಮತಗಟ್ಟೆಗೆ ಹೋಗದಿದ್ದ ಯುವಜನರು, ಬಾಡಿಗೆದಾರರು ಆ ದಾರಿಯನ್ನು ನಿರ್ಮಿಸಿದ್ದರು.

ಈಗ ನಮ್ಮ ಊರಿಗೆ ಬರೋಣ. 2023ರ ಮೇ 13ರ ರಾತ್ರಿ ಜಯನಗರದ ಎಸ್.ಎಸ್.ಎಂ.ಆರ್.ವಿ. ಕಾಲೇಜಿನ ಮತ ಎಣಿಕೆ ಕೇಂದ್ರದಲ್ಲಿ ನಡೆದುದನ್ನು ದಕ್ಷಿಣ ಬೆಂಗಳೂರಿನ ಯಾವ ನಾಗರಿಕನೂ ಮರೆಯಬಾರದು. ರಾಜ್ಯದ ಉಳಿದೆಲ್ಲ ಕ್ಷೇತ್ರಗಳ ಚಿತ್ರ ಸ್ಪಷ್ಟವಾಗಿದ್ದರೂ ಜಯನಗರದ ಫಲಿತಾಂಶ ತಡರಾತ್ರಿಯವರೆಗೆ ಬರಲಿಲ್ಲ. ಮರು ಎಣಿಕೆ, ಅಂಚೆ ಮತಗಳ ಮರುಪರಿಶೀಲನೆ, ವಾಗ್ವಾದ, ಹೊರಗೆ ಪ್ರತಿಭಟನೆ. ಕೊನೆಗೆ ಬಿ.ಜೆ.ಪಿ.ಯ ಸಿ.ಕೆ. ರಾಮಮೂರ್ತಿಯವರಿಗೆ 57,797, ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರಿಗೆ 57,781 ಮತಗಳೆಂದು ಘೋಷಿಸಲಾಯಿತು. ಅಂತರ ಹದಿನಾರು. ಇದೇ ಕ್ಷೇತ್ರದಲ್ಲಿ, ಅಭ್ಯರ್ಥಿಯಾಗಿದ್ದ ಬಿ.ಎನ್. ವಿಜಯಕುಮಾರ್‌ರ ನಿಧನದಿಂದಾಗಿ ಮುಂದೂಡಲ್ಪಟ್ಟು 2018ರ ಜೂನ್‌ನಲ್ಲಿ ನಡೆದ ಚುನಾವಣೆಯಲ್ಲಿ ಸೌಮ್ಯಾ ರೆಡ್ಡಿ ಗೆದ್ದಿದ್ದೂ ಮೂರು ಸಾವಿರಕ್ಕಿಂತ ಕಡಿಮೆ ಅಂತರದಿಂದಲೇ.

ಯಾರು ಗೆದ್ದರು, ಯಾರು ಸೋತರು ಎಂಬುದು ಈ ಲೇಖನದ ವಿಷಯವಲ್ಲ. ಆ ಹದಿನಾರನ್ನು ಕುರಿತು ಯೋಚಿಸಿ. ಇಬ್ಬರಿಗೂ ಬಿದ್ದ 1,15,578 ಮತಗಳ ನಡುವಿನ ವ್ಯತ್ಯಾಸ ಅದು. ಒಂದು ಮದುವೆ ಮನೆಯ ಒಂದು ಸುತ್ತಿನ ಪಂಕ್ತಿಯಲ್ಲಿ ಇದಕ್ಕಿಂತ ಹೆಚ್ಚು ಜನ ಕುಳಿತುಕೊಳ್ಳುತ್ತಾರೆ. ಮಧ್ಯಮ ಗಾತ್ರದ ಒಂದು ಅವಿಭಕ್ತ ಕುಟುಂಬ ಆ ದಿನ ಊಟಿಗೆ ಪ್ರವಾಸ ಹೋದರೆ ಸಾಕು, ಎರಡು ಲಕ್ಷ ಜನರ ಕ್ಷೇತ್ರದ ಪ್ರತಿನಿಧಿ ಬದಲಾಗಬಹುದು. 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿಗೆ ಬಿದ್ದ ಮತಗಳೇ ಈ ಅಂತರದ ಹಲವು ಪಟ್ಟು ಇದ್ದವು. ಎರಡೂ ಪಕ್ಷಗಳ ಬೆಂಬಲಿಗರಲ್ಲಿ 'ನಾನೊಬ್ಬ ಹೋಗದಿದ್ದರೆ ಏನಾಯಿತು' ಎಂದು ಮನೆಯಲ್ಲಿ ಉಳಿದವರು ಎಷ್ಟು ಮಂದಿಯೋ! ಆ ರಾತ್ರಿ ಅವರೆಲ್ಲ ನಿದ್ದೆಗೆಟ್ಟಿರಬೇಕು.

ಇದು ಅಪರೂಪದ ಘಟನೆ ಎಂದು ತಳ್ಳಿಹಾಕುವಂತಿಲ್ಲ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣರು ಎ.ಆರ್. ಕೃಷ್ಣಮೂರ್ತಿಯವರನ್ನು ಒಂದೇ ಒಂದು ಮತದಿಂದ ಸೋಲಿಸಿದರು. 2000ದಲ್ಲಿ ಫ್ಲಾರಿಡ ರಾಜ್ಯದ 537 ಮತಗಳು ಇಡೀ ಅಮೆರಿಕದ ಅಧ್ಯಕ್ಷನನ್ನು ನಿರ್ಧರಿಸಿದವು. ಅಫ್ಘಾನಿಸ್ತಾನ ಮತ್ತು ಇರಾಕ್‌ನ ಮುಂದಿನ ಇತಿಹಾಸ ಆ ಆಡಳಿತದ ಕೈಗೆ ಹೋಯಿತು. 2017ರಲ್ಲಿ ವರ್ಜೀನಿಯದ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಇಬ್ಬರಿಗೂ ಸಮಾನ ಮತಗಳು ಬಿದ್ದು, ಬೋಗುಣಿಯೊಂದರಿಂದ ಚೀಟಿ ಎತ್ತಿ ಗೆದ್ದವರನ್ನು ಘೋಷಿಸಬೇಕಾಯಿತು; ಆ ಒಂದು ಚೀಟಿ ಸದನದ ಬಹುಮತವನ್ನೇ ತೀರ್ಮಾನಿಸಿತು. ಇಷ್ಟೆಲ್ಲ ನಡೆದ ಮೇಲೂ 2024ರ ಏಪ್ರಿಲ್ 26ರಂದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ಮತ ಚಲಾಯಿಸಿದವರು ಶೇಕಡಾ 53ರಷ್ಟು ಮಾತ್ರ. ವಿದ್ಯಾವಂತರ, ನಿವೃತ್ತ ಅಧಿಕಾರಿಗಳ, ಸಾಫ್ಟ್‌ವೇರ್ ತಜ್ಞರ ಬಡಾವಣೆಗಳೆಂದು ಹೆಸರಾದ ಈ ಪ್ರದೇಶದ ಸ್ಥಿತಿ ಇದು.

ಮತದಾನಕ್ಕಿಂತಲೂ ಗಂಭೀರವಾದ ಇನ್ನೊಂದು ವಿಷಯವಿದೆ. ನಗರಪಾಲಿಕೆಯನ್ನು ಕಳೆದುಕೊಂಡದ್ದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಆಗಲಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. 198 ವಾರ್ಡುಗಳನ್ನು 243 ಮಾಡುತ್ತೇವೆಂದರು, ಮತ್ತೆ 225 ಎಂದರು, ಮೀಸಲಾತಿಯ ತಕರಾರು ಬಂತು, ನ್ಯಾಯಾಲಯಕ್ಕೆ ಹೋಯಿತು. ಪಕ್ಷಗಳು ಬದಲಾದವು, ಸರಕಾರಗಳು ಬದಲಾದವು. ಚುನಾವಣೆ ನಡೆಸದಿರುವುದರಲ್ಲಿ ಮಾತ್ರ ಎಲ್ಲರೂ ಒಂದಾದರು. 2025ರ ಸೆಪ್ಟೆಂಬರ್‌ಗೆ ಚುನಾಯಿತ ಸದಸ್ಯರಿಲ್ಲದೆ ಐದು ವರ್ಷಗಳು, ಅಂದರೆ ಒಂದು ಪೂರ್ಣ ಅವಧಿ ತುಂಬಿತು. ಅದೇ ತಿಂಗಳು ಹಳೆಯ ಪಾಲಿಕೆ ಇಲ್ಲವಾಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಿಗಮಗಳು ಅಸ್ತಿತ್ವಕ್ಕೆ ಬಂದವು. ನಗರಾಡಳಿತ ಜನರ ಕೈಯಲ್ಲಿರಬೇಕು, ಅವಧಿ ಮುಗಿಯುವ ಮುನ್ನ ಚುನಾವಣೆ ನಡೆಯಬೇಕು ಎಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಕೇಳಬೇಕಾದ ಜನರು ಎಲ್ಲಿದ್ದರು? ಕೆಲವು ನಾಗರಿಕ ಸಂಘಟನೆಗಳು ಬೀದಿಗಿಳಿದವು, ನ್ಯಾಯಾಲಯದ ಮೆಟ್ಟಿಲೇರಿದವು. ಅವುಗಳ ಸಭೆಗಳಲ್ಲಿ ನಮ್ಮ ಜಮಾಅತ್‌ಗಳ, ನಮ್ಮ ಸಂಘಸಂಸ್ಥೆಗಳ ಮುಖಗಳು ಎಷ್ಟಿದ್ದವು ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಸ್ಥಳೀಯ ಪ್ರತಿನಿಧಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬಡಾವಣೆಯಲ್ಲೇ ಒಂದು ಕಹಿ ಉದಾಹರಣೆಯಿದೆ. ಕೋವಿಡ್‌ನ ಎರಡನೆಯ ಅಲೆ ಉಗ್ರವಾಗಿದ್ದ 2021ರ ಮೇ 4ರಂದು ಸಂಸದ ತೇಜಸ್ವಿ ಸೂರ್ಯ ಮತ್ತು ಕೆಲವು ಶಾಸಕರು ಪಾಲಿಕೆಯ ದಕ್ಷಿಣ ವಲಯದ ವಾರ್ ರೂಮಿಗೆ ಹೋಗಿ, ಹಾಸಿಗೆ ಹಂಚಿಕೆಯಲ್ಲಿ ಅಕ್ರಮ ನಡೆದಿದೆಯೆಂದು ಆರೋಪಿಸಿದರು. ಅಕ್ರಮ ನಡೆದಿದ್ದರೆ ತನಿಖೆ ಆಗಲೇಬೇಕಿತ್ತು. ಆದರೆ ಇನ್ನೂರರಷ್ಟು ಮಂದಿ ಕೆಲಸ ಮಾಡುತ್ತಿದ್ದ ಜಾಗದಲ್ಲಿ ಮುಸ್ಲಿಮರಾದವರ ಹೆಸರುಗಳನ್ನಷ್ಟೇ ಓದಲಾಯಿತು. ಆ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹರಡಿತು. ಹಗಲಿರುಳು ರೋಗಿಗಳ ಕರೆ ಸ್ವೀಕರಿಸುತ್ತಿದ್ದ ಯುವಕರು ಒಂದೇ ದಿನದಲ್ಲಿ ಸಂಶಯಕ್ಕೆ ಗುರಿಯಾಗಿ ಕೆಲಸದಿಂದ ಹೊರಗುಳಿಯಬೇಕಾಯಿತು. ಆ ಹೊತ್ತಿಗೆ ಪಾಲಿಕೆಯಲ್ಲಿ ಒಬ್ಬ ಕಾರ್ಪೊರೇಟರ್ ಇರಲಿಲ್ಲ, ಮೇಯರ್ ಇರಲಿಲ್ಲ, ಉತ್ತರ ಕೇಳಬಹುದಾದ ಕೌನ್ಸಿಲ್ ಸಭೆ ಇರಲಿಲ್ಲ. ಅಧಿಕಾರಿ ಮಾತ್ರ ಇದ್ದರು. ಅಧಿಕಾರಿ ಉತ್ತರಿಸುವುದು ಮೇಲಿನವರಿಗೇ ಹೊರತು ಬೀದಿಯವರಿಗಲ್ಲ. ಸ್ಥಳೀಯ ಪ್ರಜಾಪ್ರಭುತ್ವ ಇಲ್ಲವಾದಾಗ ಮೊದಲು ದುರ್ಬಲರಾಗುವವರು ಅಲ್ಪಸಂಖ್ಯಾತರು ಮತ್ತು ಬಡವರು.

ನಾವು ಇನ್ನೊಂದು ಅಜ್ಞಾನದಲ್ಲೂ ಇದ್ದೇವೆ. ಯಾವ ಕೆಲಸ ಯಾರದ್ದು ಎಂಬುದು ನಮಗೆ ತಿಳಿದಿಲ್ಲ. ಕಸ ಎತ್ತಿಲ್ಲವೆಂದು ಸಂಸದರ ಕಚೇರಿಗೆ ಹೋಗುತ್ತೇವೆ, ಪಾಸ್‌ಪೋರ್ಟ್ ತಡವಾದರೆ ಕಾರ್ಪೊರೇಟರನ್ನು ಹುಡುಕುತ್ತೇವೆ. ಕಸ, ಬೀದಿದೀಪ, ಮಳೆನೀರ ಚರಂಡಿ, ಖಾತೆ, ಜನನ-ಮರಣ ಪತ್ರ ನಗರಪಾಲಿಕೆಗೆ ಸೇರಿದವು. ಕುಡಿಯುವ ನೀರು ಮತ್ತು ಒಳಚರಂಡಿ ಜಲಮಂಡಳಿಯ ಹೊಣೆ. ವಿದ್ಯುತ್ ಬೆಸ್ಕಾಂನದ್ದು, ಬಸ್ಸು ಬಿ.ಎಂ.ಟಿ.ಸಿ.ಯದ್ದು. ಪಡಿತರ ಚೀಟಿ ಆಹಾರ ಇಲಾಖೆಯದ್ದು, ಪೊಲೀಸ್ ಠಾಣೆ ರಾಜ್ಯ ಸರಕಾರದ್ದು, ಪಾಸ್‌ಪೋರ್ಟ್ ಕೇಂದ್ರದ್ದು. ಕರ್ನಾಟಕದಲ್ಲಿ 2011ರಿಂದ ಸಕಾಲ ಕಾಯ್ದೆಯಿದೆ. ಅದರ ಪಟ್ಟಿಯಲ್ಲಿರುವ ಸೇವೆಗಳನ್ನು ಗೊತ್ತುಪಡಿಸಿದ ದಿನಗಳೊಳಗೆ ಒದಗಿಸಬೇಕು, ತಪ್ಪಿದರೆ ಮೇಲ್ಮನವಿಗೆ ಅವಕಾಶವಿದೆ. 2005ರಿಂದ ಮಾಹಿತಿ ಹಕ್ಕು ಕಾಯ್ದೆಯಿದೆ; ನಮ್ಮ ರಸ್ತೆಗೆ ಎಷ್ಟು ಹಣ ಬಂತು, ಗುತ್ತಿಗೆ ಯಾರಿಗೆ ಹೋಯಿತು ಎಂದು ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಇಷ್ಟು ಸಾಧನಗಳನ್ನು ಕೈಯಲ್ಲಿಟ್ಟುಕೊಂಡು ನಾವು ಈಗಲೂ ಪುಢಾರಿಯ ಮನೆಯ ಮುಂದೆ ಕೈಕಟ್ಟಿ ನಿಲ್ಲುತ್ತೇವೆ. ಹಕ್ಕಿನಿಂದ ಸಿಗಬೇಕಾದುದನ್ನು ಉಪಕಾರವೆಂದು ಪಡೆಯುತ್ತೇವೆ. ಆಮೇಲೆ ಚುನಾವಣೆಯ ದಿನ ಆ ಉಪಕಾರದ ಬೆಲೆ ತೆರುತ್ತೇವೆ.

ಇನ್ನು, ಧರ್ಮದ ಹೆಸರಿನಲ್ಲಿ ಮುಂದಿಡುವ ಆಕ್ಷೇಪ. ಮತದಾನ ದುನಿಯಾದ ವ್ಯವಹಾರ, ರಾಜಕೀಯ ಕೊಳಕು, ದೀನ್‌ದಾರರು ಅದರಿಂದ ದೂರವಿರಬೇಕು ಎಂಬ ಮಾತು ನಮ್ಮಲ್ಲಿ ಕೇಳಿಬರುತ್ತದೆ. ಮದ್ರಸದ ಶಿಕ್ಷಣ ಪಡೆದು ನಂತರ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿದ ನನಗೆ ಇವೆರಡರಲ್ಲಿ ವಿರೋಧ ಕಾಣಲಿಲ್ಲ. ದೇವ್‌ಬಂದ್ ಪರಂಪರೆಯ ಪ್ರಸಿದ್ಧ ವಿದ್ವಾಂಸರಾದ ಮುಫ್ತಿ ಮುಹಮ್ಮದ್ ಶಫೀ(ರ) ಮತವನ್ನು ಮೂರು ಬಗೆಯಲ್ಲಿ ವಿವರಿಸಿದ್ದಾರೆ. ಅದು ಶಹಾದತ್, ಅಂದರೆ ಈ ವ್ಯಕ್ತಿ ಯೋಗ್ಯನೆಂಬ ಸಾಕ್ಷ್ಯ. ಅದು ಶಫಾಅತ್, ಅಂದರೆ ಅವನ ಪರವಾದ ಶಿಫಾರಸು. ಅದು ವಕಾಲತ್, ಅಂದರೆ ಸಾರ್ವಜನಿಕ ಕಾರ್ಯದಲ್ಲಿ ನಮ್ಮ ಪ್ರತಿನಿಧಿಯ ನೇಮಕ. ಸಾಕ್ಷ್ಯವನ್ನು ಮುಚ್ಚಿಡುವುದನ್ನು ಕುರ್‌ಆನ್ ಪಾಪವೆಂದು ಸಾರಿದೆ. ಅಮಾನತನ್ನು ಅದಕ್ಕೆ ಅರ್ಹರಾದವರಿಗೆ ಒಪ್ಪಿಸಬೇಕೆಂದು ಸೂರಃ ಅನ್ನಿಸಾದಲ್ಲಿ ಆಜ್ಞಾಪಿಸಿದೆ. ಹಾಗಿರುವಾಗ ಐನೂರು ರೂಪಾಯಿಗೋ ಒಂದು ಕುಕ್ಕರಿಗೋ ಮತವನ್ನು ಮಾರುವುದು ಸುಳ್ಳು ಸಾಕ್ಷ್ಯವಲ್ಲದೆ ಇನ್ನೇನು? ಮನೆಯಲ್ಲಿ ಮಲಗಿರುವುದು ಸಾಕ್ಷ್ಯ ಮುಚ್ಚಿಟ್ಟಂತಲ್ಲವೇ?

ಪ್ರವಾದಿ(ಸ) ತಮ್ಮ ಪ್ರವಾದಿತ್ವಕ್ಕೆ ಮುಂಚೆ ಮಕ್ಕಾದಲ್ಲಿ ಅಬ್ದುಲ್ಲಾ ಬಿನ್ ಜುದ್ಆನ್‌ನ ಮನೆಯಲ್ಲಿ ನಡೆದ 'ಹಿಲ್ಫುಲ್ ಫುದೂಲ್' ಒಪ್ಪಂದದಲ್ಲಿ ಭಾಗವಹಿಸಿದ್ದರು. ಹೊರಊರಿನ ಒಬ್ಬ ವ್ಯಾಪಾರಿಗೆ ಆದ ಅನ್ಯಾಯದಿಂದ ಹುಟ್ಟಿದ ಒಪ್ಪಂದವದು. ಅನ್ಯಾಯಕ್ಕೊಳಗಾದವನು ಯಾರೇ ಆಗಲಿ, ಅವನ ಪರ ನಿಲ್ಲುತ್ತೇವೆಂಬ ಪ್ರತಿಜ್ಞೆ. ಅದರಲ್ಲಿದ್ದವರು ಮುಸ್ಲಿಮರಲ್ಲ. ಇಸ್ಲಾಮ್ ಬಂದ ನಂತರವೂ ಅಂತಹ ಒಪ್ಪಂದಕ್ಕೆ ಕರೆ ಬಂದರೆ ಸ್ವೀಕರಿಸುವೆನೆಂದು ಅವರು ಹೇಳಿದರೆಂದು ವರದಿಯಾಗಿದೆ. ಎಲ್ಲ ಧರ್ಮದವರೊಂದಿಗೆ ಕೂಡಿ ಊರಿನ ನ್ಯಾಯಕ್ಕಾಗಿ ದುಡಿಯುವುದಕ್ಕೆ ಇದಕ್ಕಿಂತ ಮಾದರಿ ಬೇಕೇ? ಮುಸ್ಲಿಮರ ಬೀದಿಯಲ್ಲಿ ಚರಂಡಿ ತುಂಬಿದರೆ ಮಾತ್ರ ಮಾತನಾಡುವುದು, ಪಕ್ಕದ ಕೊಳೆಗೇರಿಯ ದಲಿತರಿಗೆ ನೀರು ಬಾರದಿದ್ದಾಗ ಮೌನವಾಗಿರುವುದು ನಾಗರಿಕತೆಯೂ ಅಲ್ಲ, ಇಸ್ಲಾಮೂ ಅಲ್ಲ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರನ್ನು ಇಂದಿಗೂ ಎಲ್ಲ ಸಮುದಾಯದವರು ನೆನೆಯುತ್ತಾರೆ. ಅವರು ಮುಸ್ಲಿಮರ ದಿವಾನರಾಗಿರಲಿಲ್ಲ, ಊರಿನ ದಿವಾನರಾಗಿದ್ದರು ಎಂಬುದೇ ಅದಕ್ಕೆ ಕಾರಣ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಮಸೀದಿಯ ಮಿಂಬರಿನಿಂದ ಇಂತಹ ಪಕ್ಷಕ್ಕೆ ಮತ ಹಾಕಿರೆಂದು ಹೇಳುವುದು ಸಲ್ಲದು. ಧರ್ಮದ ಹೆಸರಿನಲ್ಲಿ ಮತಯಾಚಿಸುವುದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೆಯ ವಿಧಿಯ ಪ್ರಕಾರ ಭ್ರಷ್ಟಾಚಾರ. 2017ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಧಾರ್ಮಿಕ ಸಂಸ್ಥೆಗಳನ್ನು ರಾಜಕೀಯಕ್ಕೆ ಬಳಸುವುದನ್ನು 1988ರ ಕಾಯ್ದೆ ತಡೆಯುತ್ತದೆ. ಕಾನೂನು ಇಲ್ಲದಿದ್ದರೂ ಅದು ವಿವೇಕವಲ್ಲ. ಒಂದು ಸಮುದಾಯದ ಮತವನ್ನು ಯಾರೋ ನಾಲ್ಕು ಮಂದಿ ಗಂಟುಕಟ್ಟಿ ಒಪ್ಪಿಸುತ್ತಾರೆಂದಾದರೆ ಪಕ್ಷಗಳು ಆ ನಾಲ್ವರನ್ನು ಓಲೈಸುತ್ತವೆಯೇ ಹೊರತು ಸಮುದಾಯವನ್ನಲ್ಲ. ಆದರೆ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿಕೊಳ್ಳಿ, ಲಂಚ ಪಡೆಯಬೇಡಿ, ನಿಮ್ಮ ಆತ್ಮಸಾಕ್ಷಿಗೆ ಒಪ್ಪಿದವರಿಗೆ ಮತ ನೀಡಿ ಎಂದು ಹೇಳುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಅಮೆರಿಕದಲ್ಲೂ ತೆರಿಗೆ ವಿನಾಯಿತಿಯಿರುವ ಧಾರ್ಮಿಕ ಸಂಸ್ಥೆಗಳು ಅಭ್ಯರ್ಥಿಗಳ ಪರ ಪ್ರಚಾರ ಮಾಡುವುದರ ವಿರುದ್ಧ 1954ರಷ್ಟು ಹಿಂದೆಯೇ ನಿಯಮ ಬಂದಿತ್ತು. ಆದರೂ ಕರಿಯರ ಚರ್ಚುಗಳು ಮತದಾರರ ನೋಂದಣಿಯ ಕೇಂದ್ರಗಳಾಗಿ, 1965ರ ಮತದಾನ ಹಕ್ಕು ಕಾಯ್ದೆಗೆ ಹಾದಿ ಮಾಡಿಕೊಟ್ಟವು. ಆ ಹಕ್ಕಿಗಾಗಿ ಅವರು ಏಟು ತಿಂದರು, ಪ್ರಾಣ ತೆತ್ತರು. ನಮಗೆ 1950ರ ಸಂವಿಧಾನ, ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದ ಡಾ. ಅಂಬೇಡ್ಕರ್‌ರ ನೇತೃತ್ವದಲ್ಲಿ ಕರಡುಗೊಂಡ ಸಂವಿಧಾನ, ಅದನ್ನು ಒಂದೇ ದಿನದಲ್ಲಿ ಎಲ್ಲರಿಗೂ ಸಮಾನವಾಗಿ ಕೊಟ್ಟಿತು. ಸುಲಭವಾಗಿ ಸಿಕ್ಕಿದ್ದರಿಂದಲೇ ಬೆಲೆ ತಿಳಿಯಲಿಲ್ಲವೋ ಏನೋ.

ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ಹಕ್ಕು ಕಾಗದದ ಮೇಲಿನ ಹಕ್ಕಾಗಿಯೇ ಉಳಿಯುತ್ತದೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಚಿಲುಮೆ ಎಂಬ ಸಂಸ್ಥೆ ಮತದಾರರ ಮಾಹಿತಿ ಸಂಗ್ರಹಿಸಿದ ಪ್ರಕರಣ ಬಯಲಾದಾಗ, ಚುನಾವಣಾ ಆಯೋಗ ಇಬ್ಬರು ಹಿರಿಯ ಅಧಿಕಾರಿಗಳನ್ನು ಅಮಾನತುಪಡಿಸಿ, ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ಕ್ಷೇತ್ರಗಳ ಪಟ್ಟಿಯ ಸೇರ್ಪಡೆ ಮತ್ತು ರದ್ದತಿಗಳನ್ನು ಪೂರ್ಣವಾಗಿ ಪರಿಶೀಲಿಸುವಂತೆ ಆದೇಶಿಸಿತು. ಪಟ್ಟಿ ತಾನಾಗಿಯೇ ಸರಿಯಿರುತ್ತದೆಂದು ನಂಬಿ ಕೂರುವ ಕಾಲ ಇದಲ್ಲ ಎಂಬುದಕ್ಕೆ ಈ ಒಂದು ಪ್ರಕರಣ ಸಾಕು. ನಮ್ಮಲ್ಲಿ ಬಾಡಿಗೆ ಮನೆ ಬದಲಾಯಿಸುವವರು ಹೆಚ್ಚು. ತಿಲಕನಗರದಿಂದ ಇಲ್ಯಾಸ್ ನಗರಕ್ಕೆ ಬಂದು ವರ್ಷಗಳಾದರೂ ಹೆಸರು ಹಳೆಯ ವಿಳಾಸದಲ್ಲೇ ಇರುತ್ತದೆ. ಒಂದು ದಿನ ಪರಿಶೀಲನೆಗೆ ಬಂದವರು ಬೀಗ ಕಂಡು ಹೋಗುತ್ತಾರೆ, ಹೆಸರು ಅಳಿಯುತ್ತದೆ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಒಂದು ದಾಖಲೆಯಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಬರೀ 'ಎಂಡಿ'. ಇವೆಲ್ಲ ಸಣ್ಣ ವಿಷಯಗಳಂತೆ ಕಾಣುತ್ತವೆ. ತೊಡಕು ಬಂದ ದಿನ ಸಣ್ಣದಾಗಿರುವುದಿಲ್ಲ.

ಆದುದರಿಂದ ಪ್ರತಿ ಮೊಹಲ್ಲಾದಲ್ಲಿ ಮಾಡಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ಸೂಚಿಸಬಯಸುತ್ತೇನೆ. ಹೊಸ ಮತದಾರರಿಗೆ ನಮೂನೆ 6, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ನಮೂನೆ 8. ನಮೂನೆ 7 ಹೆಸರು ತೆಗೆಯುವುದಕ್ಕೆ. ನಿಮ್ಮ ಹೆಸರಿನ ವಿರುದ್ಧ ಯಾರಾದರೂ ಅದನ್ನು ಸಲ್ಲಿಸಿದ್ದಾರೆಯೇ ಎಂದು ಗಮನಿಸುವುದೂ ಅಗತ್ಯ. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಾಂಕಗಳಂದು ಹದಿನೆಂಟು ತುಂಬಿದವರ ಹೆಸರು ಸೇರುತ್ತದೆ. ಮದ್ರಸದಲ್ಲಿ ಅಥವಾ ಶಾದಿಮಹಲಿನಲ್ಲಿ ಭಾನುವಾರ ಎರಡು ತಾಸು ಕುಳಿತರೆ, ಕಾಲೇಜು ಓದುವ ನಾಲ್ಕು ಹುಡುಗ ಹುಡುಗಿಯರು ಒಂದು ಬೀದಿಯ ಪಟ್ಟಿಯನ್ನು ಪರಿಶೀಲಿಸಿ ಮುಗಿಸಬಲ್ಲರು. ನಿಮ್ಮ ಮನೆ ಐದು ನಿಗಮಗಳ ಪೈಕಿ ಯಾವುದಕ್ಕೆ, ಯಾವ ವಾರ್ಡಿಗೆ ಸೇರಿದೆಯೆಂದು ತಿಳಿದುಕೊಳ್ಳಿ. ವಾರ್ಡ್ ಸಮಿತಿಯ ಸಭೆ ಎಂದು, ಎಲ್ಲಿ ನಡೆಯುತ್ತದೆಂದು ವಿಚಾರಿಸಿ, ಹೋಗಿ ಕುಳಿತುಕೊಳ್ಳಿ. ಮಾತನಾಡದಿದ್ದರೂ ಪರವಾಗಿಲ್ಲ, ಮೊದಲು ಕೇಳಿಸಿಕೊಳ್ಳಿ. ಬಡಾವಣೆಯ ನಿವಾಸಿಗಳ ಸಂಘದಲ್ಲಿ ಸದಸ್ಯರಾಗಿ. ಅಲ್ಲಿ ನಮ್ಮವರು ಇಲ್ಲವೆಂದು ದೂರುವ ಮೊದಲು ಅರ್ಜಿ ಹಾಕಿದ್ದೇವೆಯೇ ಎಂದು ನೋಡೋಣ.

ಸ್ತ್ರೀಯರ ಬಗ್ಗೆ ಒಂದು ಮಾತು. ನಗರಪಾಲಿಕೆಯಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನಗಳು ಮೀಸಲಾಗಿವೆ. ಆದರೆ ಪತ್ನಿ ಗೆದ್ದು ಪತಿ ಆಳುವ ನಾಟಕವನ್ನು ಎಲ್ಲ ಸಮುದಾಯಗಳಲ್ಲೂ ಕಂಡಿದ್ದೇವೆ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಅಂಗನವಾಡಿಯ ಬಾಗಿಲು ತೆರೆಯುತ್ತದೆಯೇ, ಸಂಜೆ ಬೀದಿದೀಪವಿಲ್ಲದ ತಿರುವು ಯಾವುದು ಎಂಬುದೆಲ್ಲ ನಮ್ಮ ತಾಯಂದಿರಿಗೂ ಸೋದರಿಯರಿಗೂ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಖಲೀಫಾ ಉಮರ್(ರ) ಮದೀನಾದ ಮಾರುಕಟ್ಟೆಯ ಮೇಲ್ವಿಚಾರಣೆಯನ್ನು ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆಗೆ ವಹಿಸಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಆ ಇತಿಹಾಸವನ್ನು ಭಾಷಣದಲ್ಲಿ ಹೇಳಿ, ಮನೆಯ ಹೆಣ್ಣುಮಗಳನ್ನು ವಾರ್ಡ್ ಸಭೆಗೆ ಕಳುಹಿಸಲು ಹಿಂಜರಿಯುವುದು ನ್ಯಾಯವೇ?

'ಎಲ್ಲ ಪಕ್ಷಗಳೂ ನಮ್ಮನ್ನು ವಂಚಿಸಿವೆ, ಭಾಗವಹಿಸಿ ಏನು ಪ್ರಯೋಜನ' ಎಂದು ಕೇಳುವವರಿದ್ದಾರೆ. ಅವರ ನೋವು ಸುಳ್ಳಲ್ಲ. ಭರವಸೆಗಳು ಮುರಿದಿವೆ, ಟಿಕೆಟ್ ಹಂಚಿಕೆಯಲ್ಲಿ ಅನ್ಯಾಯವಾಗಿದೆ, ಕಷ್ಟಕಾಲದಲ್ಲಿ ನಾಯಕರು ಫೋನ್ ಎತ್ತಲಿಲ್ಲ. ಆದರೆ ವಂಚಿಸಿದವನಿಗೆ ನಾವು ಗೈರುಹಾಜರಾಗುವುದಕ್ಕಿಂತ ದೊಡ್ಡ ಉಡುಗೊರೆ ಬೇರೊಂದಿಲ್ಲ. ಬಾರದವನಿಗೆ ಯಾರೂ ಲೆಕ್ಕ ಕೊಡುವುದಿಲ್ಲ. ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ನಡುವಿನ ದಿನಗಳಲ್ಲಿ ಸುಮ್ಮನಿರುವವನಿಗೂ ಅಷ್ಟಾಗಿ ಲೆಕ್ಕ ಕೊಡುವುದಿಲ್ಲ. ಪ್ರತಿ ತಿಂಗಳೂ ಸಭೆಗೆ ಬಂದು, ಹಿಂದಿನ ಸಭೆಯ ನಿರ್ಣಯ ಏನಾಯಿತೆಂದು ಶಾಂತವಾಗಿ ಕೇಳುವವನಿಗೆ ಮಾತ್ರ ಅಧಿಕಾರಿಯೂ ಹೆದರುತ್ತಾನೆ, ಪುಢಾರಿಯೂ ಹೆದರುತ್ತಾನೆ.

ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾದದ್ದು 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ. ಆ ದಿನಗಳಲ್ಲಿ ಜನರಿಗೆ ಮನವಿ ಸಲ್ಲಿಸುವ ಅವಕಾಶವಷ್ಟೇ ಇತ್ತು, ತೀರ್ಮಾನ ಅರಮನೆಯದಾಗಿತ್ತು. ಇಂದು ತೀರ್ಮಾನ ನಮ್ಮದು, ಆದರೆ ನಾವಿನ್ನೂ ಮನವಿ ಹಿಡಿದೇ ನಿಂತಿದ್ದೇವೆ. ಅಮೆರಿಕದ ಚುನಾವಣೆ ಬಂದಾಗ ಖಂಡಿತವಾಗಿ ಚರ್ಚಿಸೋಣ. ಅಲ್ಲಿನ ಸಂಸತ್ತು, ನ್ಯಾಯಾಲಯ, ನಗರಸಭೆಗಳು ಹೇಗೆ ನಡೆಯುತ್ತವೆಂದು ಮಕ್ಕಳಿಗೆ ಹೇಳಿಕೊಡೋಣ. ಆದರೆ ಅಲ್ಲಿ ನಮಗೆ ಮತವಿಲ್ಲ. ಮತವಿರುವುದು ಇಲ್ಲಿ. ಹದಿನಾರು ಮತಗಳ ಈ ಊರಿನಲ್ಲಿ ತಾನು ಲೆಕ್ಕಕ್ಕಿಲ್ಲ ಎಂದು ಹೇಳುವ ಹಕ್ಕು ಯಾರಿಗೂ ಉಳಿದಿಲ್ಲ. ಮುಂದಿನ ಜುಮಾದ ನಮಾಝ್ ಮುಗಿಸಿ ಹೊರಬರುವಾಗ ಪಕ್ಕದವನನ್ನು ಒಂದು ಪ್ರಶ್ನೆ ಕೇಳಿ: 'ಪಟ್ಟಿಯಲ್ಲಿ ನಿನ್ನ ಮನೆಯವರೆಲ್ಲರ ಹೆಸರಿದೆಯೇ?'